ಹಕ್ಕಿ ಒಯ್ದ ಬೂಟು

ವಾರವಿಡೀ ಹೊಯ್ದ ಮಳೆ ಆ ಶನಿವಾರ ಬೆಳಗಿನ ಜಾವಕ್ಕೆ ನಿಂತಿತ್ತು. ಬೆಟ್ಟದ ನೆತ್ತಿಯಲ್ಲಿ ಉಳಿದಿದ್ದ ಹಿಮದ ಮೇಲೆ ಬಿಸಿಲು ಬಿದ್ದು, ಕಣಿವೆಯೆಲ್ಲ ಬೆಳಗಿಟ್ಟ ತಟ್ಟೆಯಂತೆ ಹೊಳೆಯುತ್ತಿತ್ತು. ಸೇತುವೆಯ ಕಂಬಕ್ಕೆ ಬಳಿದ ಬಿಳಿ ಗೆರೆಗಿಂತ ಮೂರು ಬೆರಳು ಕೆಳಗೆ ನೀರು. ಮೊಲೊಯ್ ತೊರೆಯಲ್ಲಿ ಒಬ್ಬಾಳಿನ ದೋಣಿ ಇಳಿಸುವವರಿಗೆ ದೇವರು ಇದಕ್ಕಿಂತ ಒಳ್ಳೆಯ ದಿನ ಕೊಡಲಾರ.

ಕ್ಲೈವ್ ಡೂಲನ್‌ಗೆ ಮಾತ್ರ ಎಡಗಾಲಿನ ಬೂಟು ಸಿಗುತ್ತಿರಲಿಲ್ಲ.

ದೋಣಿ ಸಂಘದವರೆಲ್ಲ ಒಟ್ಟಿಗೆ ತರಿಸಿದ ಕರಿಯ ರಬ್ಬರ್ ಬೂಟುಗಳು, ಒಂದರ ತದ್ರೂಪು ಇನ್ನೊಂದು. ಗುರುತಿಗಿರಲೆಂದು ಅವನ ಹೆಂಡತಿ ಹಿಮ್ಮಡಿಯ ಬಳಿ ಕೆಂಪು ದಾರದ ಗಂಟು ಹಾಕಿಕೊಟ್ಟಿದ್ದಳು. ಟ್ರಕ್ಕಿನ ಪಕ್ಕ ಹುಲ್ಲಿನ ಮೇಲೆ ಜೋಡಿಯಾಗಿ ಇಟ್ಟು, ಅಂಗಿ ಬದಲಿಸಿ ಬರುವಷ್ಟರಲ್ಲಿ ಒಂದೇ ಉಳಿದಿತ್ತು. ಜರಿಗಿಡದ ಸಂದಿಯಿಂದ ಒಂದು ಕಂದು ವೀಕಾ ಹಕ್ಕಿ, ಕರೆಯದ ಊಟಕ್ಕೆ ಬಂದ ನೆಂಟನಂತೆ ಕತ್ತು ಚಾಚಿ ನೋಡುತ್ತಿತ್ತು.

“ಅದೇ ಒಯ್ದಿರೋದು,” ಎಂದಳು ಪಕ್ಕದ ಮನೆಯ ನೋಲೀನ್. “ಹೋದ ವಾರ ನಮ್ಮನೆ ಚಮಚ ಎತ್ಕೊಂಡು ಹೋಗಿತ್ತು. ರೆಕ್ಕೆ ಇದ್ರೂ ಹಾರೋಕೆ ಬರಲ್ಲ ಅದಕ್ಕೆ. ಕದಿಯೋಕೆ ಮಾತ್ರ ಚೆನ್ನಾಗಿ ಬರತ್ತೆ.”

ಒಂದೇ ಬೂಟಲ್ಲಿ ತೊರೆಗಿಳಿಯಬೇಡ, ಮನೆಗೆ ಹೋಗು ಎಂದು ನಾಲ್ಕು ಜನ ನಾಲ್ಕು ರೀತಿಯಲ್ಲಿ ಹೇಳಿದರು. ಕ್ಲೈವ್ ಕೇಳಲಿಲ್ಲ. ದೋಣಿ ನಡೆಸುವುದು ಕೈಯಿಂದ, ಕಾಲಿಂದಲ್ಲ ಎಂದ. ಅವನು ಹಾಗೆನ್ನಲು ಕಾರಣವಿತ್ತು. ಇಪ್ಪತ್ತು ವರ್ಷ ಎಲ್ಲರಿಗಿಂತ ಮುಂದೆ ದೋಣಿ ನಡೆಸಿದ ಮುದುಕ ಆಂಬ್ರೋಸ್‌ಗೆ ಈಗ ಕಣ್ಣು ಮಂಜು. ಆ ದಿನ ಅವನು ತನ್ನ ಸಾಮಾನನ್ನು ತಡಕಾಡಿ ಚೀಲಕ್ಕೆ ತುಂಬಿಕೊಂಡು, ಕೊನೆಯಲ್ಲಿ ದೋಣಿಗಳು ದಡ ಸೇರುವ ಜಾಗಕ್ಕೆ ಟ್ರಕ್ಕು ಒಯ್ಯುವ ಕೆಲಸಕ್ಕಷ್ಟೇ ಒಪ್ಪಿದ್ದ. ಸಂಜೆ ಮುಂದಾಳಿನ ಗುರುತಾದ ತನ್ನ ಹಿತ್ತಾಳೆಯ ಸೀಟಿಯನ್ನು ಮುಂದಿನವನ ಕೊರಳಿಗೆ ಹಾಕುವವನಿದ್ದ. ಈಜದವನಿಗಷ್ಟೇ ಆ ಸೀಟಿ. ಕ್ಲೈವ್ ಒಂಬತ್ತು ವರ್ಷದಿಂದ ಈಜಿರಲಿಲ್ಲ.

ದೋಣಿ ಮಗುಚಿ ಅದರಿಂದ ಹೊರಬಿದ್ದರೆ ಇಲ್ಲಿಯವರು ಅದಕ್ಕೆ ಈಜು ಎನ್ನುತ್ತಾರೆ. ಈಜಿದವನು ಅದೇ ಸಂಜೆ, ಎಲ್ಲರ ಮುಂದೆ, ತನ್ನ ಒದ್ದೆ ಬೂಟಿಗೆ ಬಿಯರ್ ತುಂಬಿಸಿ ಕುಡಿಯಬೇಕು. ತಪ್ಪಿಸಿಕೊಂಡವನನ್ನು ತೊರೆ ಮರೆಯುವುದಿಲ್ಲ ಎಂಬುದು ಹಳೆಯ ನಂಬಿಕೆ.

ಅರ್ಧ ಗಂಟೆ ಎಲ್ಲವೂ ಸರಿಯಾಗಿತ್ತು. ಕ್ಲೈವ್ ಬಂಡೆಯಿಂದ ಬಂಡೆಗೆ ದೋಣಿಯನ್ನು ಹಾರಿಸುತ್ತ, ಮೆಟ್ಟಿಲಿಳಿಯುವ ಮದುಮಗನಂತೆ ಇಳಿದ. ಆಮೇಲೆ ಕೀಲಿಕಿಂಡಿ ಬಂತು. ಎರಡು ಗೋಡೆಗಳ ನಡುವೆ ದೋಣಿಯಷ್ಟೇ ಅಗಲದ ಸಂದು, ಆಳುದ್ದದ ಎರಡು ಧುಮುಕು. ಮೇಲಿನಿಂದ ಕೆಳಗಿನದು ಕಾಣದು. ಮುಂದಿನವನು ಇಳಿದು ಸೀಟಿ ಊದಿದರೇ ಉಳಿದವರು ಇಳಿಯಬೇಕು.

ಕ್ಲೈವ್ ಇಳಿದ. ಎರಡನೆಯ ಧುಮುಕಿನಲ್ಲಿ ಅವನ ಬರಿಯ ಎಡಗಾಲು, ದೋಣಿಯೊಳಗೆ ಕಾಲು ಒತ್ತಿ ಹಿಡಿಯುವ ಹಲಗೆಯಿಂದ ಸಾಬೂನಿನ ಹಾಗೆ ಜಾರಿತು. ದೋಣಿ ಮಗುಚಿತು. ಒಳಗೆ ಕೂತಂತೆಯೇ ಅದನ್ನು ಹುಟ್ಟಿನಿಂದ ನೆಟ್ಟಗಾಗಿಸಲು ಮೂರು ಸಲ ಹೆಣಗಿದ. ಮೂರು ಸಲವೂ ನೀರೇ ಗೆದ್ದಿತು. ಕೊನೆಗೆ ಹೊರಬಿದ್ದ. ಹುಟ್ಟು ಒಂದು ಕಡೆ ಹೋಯಿತು, ಬಲಗಾಲಿನ ಬೂಟು ಇನ್ನೊಂದು ಕಡೆ. ಮಡುವಿನಲ್ಲಿ ದೋಣಿ ಹಿಡಿದು, ದಡಕ್ಕೆಳೆದು, ನೀರು ಚೆಲ್ಲಿ, ಬಂಡೆಯ ಮೇಲೆ ಏನೂ ಆಗದವನಂತೆ ಕೂತು ತನ್ನ ಜಾಕೆಟ್ಟಿನ ಪ್ಲಾಸ್ಟಿಕ್ ಸೀಟಿ ಊದುವಾಗ ಕಾಲು ಗಂಟೆ ಕಳೆದಿತ್ತು.

“ಇಷ್ಟೊತ್ತು ಏನ್ಮಾಡ್ತಿದ್ದೆ? ಹುಟ್ಟೆಲ್ಲಿ?” ಎಂದಳು ಎಲ್ಲರಿಗಿಂತ ಮೊದಲು ಇಳಿದ ನೋಲೀನ್.

“ಹಕ್ಕಿ,” ಎಂದ ಕ್ಲೈವ್. ಬೇರೇನೂ ಹೊಳೆಯಲಿಲ್ಲ.

ಬೂಟಿನಲ್ಲಿ ಕಲ್ಲು ಸೇರಿತ್ತಂತೆ, ಬಿಚ್ಚಿಟ್ಟನಂತೆ, ವೀಕಾ ಬಂದು ಎತ್ತಿಕೊಂಡು ಓಡಿತಂತೆ, ಅಡ್ಡಗಟ್ಟಲು ಹುಟ್ಟು ಎಸೆದರೆ ಅದು ನೀರಿಗೆ ಬಿತ್ತಂತೆ.

“ಬೆಳಗ್ಗೆ ಒಂದು ಒಯ್ದಿತ್ತಲ್ಲ, ಮತ್ತೊಂದು ಯಾಕಂತೆ?”

“ಜೋಡಿ ಬೇಡ್ವಾ ಅದಕ್ಕೆ?” ಎಂದ ಕ್ಲೈವ್. ನೋಲೀನಳ ಹುಬ್ಬು ಇಳಿಯಲಿಲ್ಲವೆಂದು ಇನ್ನೊಂದು ಮೊಳೆ ಹೊಡೆದ: “ಅದೇ ಹಕ್ಕಿ ಮಾರಾಯ್ತಿ. ಎಡಗಾಲಿಂದು ಆ ಪೊದೆ ಮುಂದೆ ಇಟ್ಕೊಂಡಿತ್ತು. ಕೆಂಪು ದಾರ ನಾನೇ ಕಣ್ಣಾರೆ ಕಂಡೆ.”

ಕೆಂಪು ದಾರ ಎಂದ ಮೇಲೆ ಅನುಮಾನಕ್ಕೆ ಜಾಗವಿರಲಿಲ್ಲ. ಆರು ಜನ ಹೆಲ್ಮೆಟ್ಟು ಹಾಕಿಕೊಂಡೇ ಪೊದೆಗೆ ನುಗ್ಗಿದರು. ಒಂದು ಗಂಟೆ ಹುಡುಕಿದರು. ಹುಡುಕುವುದನ್ನು ಬಿಡಿರೆಂದು ಕ್ಲೈವ್ ಬೇಡಿಕೊಂಡಷ್ಟೂ ಅವನ ದೊಡ್ಡ ಮನಸ್ಸನ್ನು ಮೆಚ್ಚಿ ಇನ್ನೂ ಆಳಕ್ಕೆ ಹೋದರು. ಅವನ ಎರಡೂ ಬರಿಗಾಲುಗಳ ಮೇಲೆ ಕಚ್ಚುನೊಣಗಳು ಹಬ್ಬದೂಟಕ್ಕೆ ಕೂತವು. ಹುಟ್ಟು ಕೆಳಗಿನ ಕೊರಕಲಿನಲ್ಲಿ ಸಿಕ್ಕಿತು. ಬೂಟು ಸಿಗಲಿಲ್ಲ, ಹಕ್ಕಿಯೂ ಸಿಗಲಿಲ್ಲ.

ಸಂಜೆ ಸಂಘದ ಕೊಟ್ಟಿಗೆಯಲ್ಲಿ ಹಕ್ಕಿ ನಾಯಿಯಷ್ಟು ದೊಡ್ಡದಾಗಿತ್ತು. ನೋಲೀನ್ ಅದು ತನ್ನನ್ನು ದುರುಗುಟ್ಟಿ ನೋಡಿದ್ದನ್ನೂ ಸೇರಿಸಿ ಹೇಳಿದಳು. ಕ್ಲೈವ್ ಊದಿದ ಕಾಲುಗಳನ್ನು ಬೆಂಚಿನಡಿ ಮಡಿಸಿ ಕೂತ. ಒಳಗೊಳಗೇ ಚುಚ್ಚುತ್ತಿತ್ತು. ತೊರೆಗೆ ಸುಳ್ಳು ಗೊತ್ತಿಲ್ಲ, ಅದು ಇಳಿಯುವುದೊಂದನ್ನೇ ಬಲ್ಲದು. ಆದರೂ ಮನಸ್ಸು ಸಮಾಧಾನ ಹೇಳಿತು: ಒಪ್ಪಿಕೊಂಡರೂ ಕುಡಿಯುವುದು ಯಾವುದರಲ್ಲಿ, ಬೂಟೇ ಇಲ್ಲವಲ್ಲ.

ಸೀಟಿ ಕ್ಲೈವ್‌ಗೇ ಎಂದು ಎಲ್ಲರೂ ಕೈಯೆತ್ತಿದರು. ಆಂಬ್ರೋಸ್ ಎದ್ದು, ಬೆಳಗಿನಿಂದ ಬಿಚ್ಚದಿದ್ದ ಚೀಲವನ್ನು ಮೇಜಿನ ಮೇಲಿಟ್ಟು ಸೀಟಿಗಾಗಿ ತಡಕಾಡಿದ. ಒಂದು ಬೂಟು ತೆಗೆದಿಟ್ಟ. ಇನ್ನೊಂದು ತೆಗೆದಿಟ್ಟ.

ಮೂರನೆಯದು ಬಂತು.

ಅದರ ಹಿಮ್ಮಡಿಯ ಮೇಲೆ ಅವನ ಹೆಬ್ಬೆರಳು ಹೋಗಿ ನಿಂತಿತು. ನೋಲೀನ್ ಕೆಂಪು ದಾರವನ್ನು ನೋಡಿದಳು, ಕ್ಲೈವ್‌ನನ್ನು ನೋಡಿದಳು.

“ನನ್ನ ಕಣ್ಣಿನ ತಪ್ಪು, ಮಗಾ,” ಎಂದ ಆಂಬ್ರೋಸ್ ಮೆಲ್ಲಗೆ. “ಹುಲ್ಲಿನ ಮೇಲೆ ನಂದೂ ನಿಂದೂ ಒಟ್ಟಿಗಿತ್ತು. ಕಾಲಿಗೆ ಇದಿದ್ದಿದ್ರೆ ನೀನು ಜಾರ್ತಿರ್ಲಿಲ್ಲ.”

ಕ್ಲೈವ್ ಬೆಂಚಿನಡಿಯಿಂದ ಕಾಲು ಹೊರಚಾಚಿದ. ಹೇಳುವುದಕ್ಕೆ ಹಕ್ಕಿಯೂ ಉಳಿದಿರಲಿಲ್ಲ.

ಆಂಬ್ರೋಸ್ ಸೀಟಿಯನ್ನು ಮತ್ತೆ ತನ್ನ ಕೊರಳಿಗೇ ಹಾಕಿಕೊಂಡ. ಒಂದು ಬಿಯರ್ ಡಬ್ಬಿ ತೆರೆದು, ಬೂಟಿನ ಅಂಚಿನವರೆಗೆ ಸುರಿದು, ನೊರೆ ಇಳಿಯುವ ತನಕ ಕಾದ. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ಒಂದು ಹನಿಯೂ ಚೆಲ್ಲದಂತೆ, ಅದನ್ನು ಅದರ ಒಡೆಯನ ಕೈಗೆ ಕೊಟ್ಟ.