ಮೂರನೇ ರಸಗುಲ್ಲದ ಮೇಲಿನ ತೆರಿಗೆ

ತೆರಿಗೆ ಕಟ್ಟುವ ದಿನ ಬಂತೆಂದರೆ ಬೆಳಗ್ಗೆ ಬೇಗ ಎದ್ದು, ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಹೊರಡುವ ಮನುಷ್ಯನನ್ನು ನೀವು ನೋಡಿದ್ದೀರಾ? ಹೆಚ್ಚು ಕಟ್ಟಿದ್ದರೂ ರೀಫಂಡ್ ಬೇಡ, ಇರಲಿ ಬಿಡಿ ಎನ್ನುವವರನ್ನು? ನಾನು ನೋಡಿದ್ದೇನೆ. ಬರೀ ನೋಡುವುದೇನು, ಅವರ ಮನೆಯಲ್ಲಿ ವರ್ಷಗಟ್ಟಲೆ ಉಂಡಿದ್ದೇನೆ, ಉಂಡದ್ದಕ್ಕೆ ತೆರಿಗೆಯನ್ನೂ ಕಟ್ಟಿದ್ದೇನೆ! ಅವರು ನನ್ನ ಮಾಮಾ, ಅಂದರೆ ಅಮ್ಮನ ಅಣ್ಣ. ಲೋಕದಲ್ಲಿ ಮಾಮಂದಿರು ತಂಗಿಯ ಮಗಳಿಗೆ ಚಿಕ್ಕಂದಿನಲ್ಲಿ ಚಾಕಲೇಟು, ದೊಡ್ಡವಳಾದ ಮೇಲೆ ಸೀರೆ ಕೊಡಿಸುತ್ತಾರೆ. ನನ್ನ ಮಾಮಾ ನನಗೆ ತೆರಿಗೆಯ ಸ್ಲ್ಯಾಬು ಕೊಟ್ಟರು.

ಧಾರವಾಡದ ಈ ಮಹಾನುಭಾವರು ಕೋಲ್ಕತ್ತ ಸೇರಿದ್ದು ಯಾವ ಕಾಲದಲ್ಲೋ. ಗಾರ್ಡನ್ ರೀಚಿನ ಕಡೆ ಒಂದು ಸರ್ಕಾರಿ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ, ಕಸ್ಬಾದಲ್ಲಿ ಬಾಡಿಗೆ ಮನೆ. ಮಕ್ಕಳಿಲ್ಲ. ಮಾಮಾ, ಮಾಮಿ ಇಬ್ಬರೇ. ದೇಶದ ಹುಡುಗರೆಲ್ಲ ಬೆಂಗಳೂರಿಗೆ ಓಡಿ ಬರುತ್ತಿದ್ದ ಆ ಐಟಿ ಹುಚ್ಚಿನ ವರ್ಷಗಳಲ್ಲಿ, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ನನ್ನನ್ನು ಕಂಪನಿಯವರು ಕೋಲ್ಕತ್ತದ ಐಟಿ ಬಡಾವಣೆ ಸೆಕ್ಟರ್ ಫೈವ್‌ಗೆ ಅಟ್ಟಿದರು. "ಹೆಂಗೂ ಅಣ್ಣನ ಮನಿ ಅದ" ಎಂದು ಅಮ್ಮ ಸಮಾಧಾನ ಮಾಡಿಕೊಂಡಳು. ಅಣ್ಣನ ಮನೆಯೇನೋ ಇತ್ತು. ಅದೊಂದು ಸ್ವತಂತ್ರ ರಾಜ್ಯ, ಅದಕ್ಕೆ ಬೇರೆಯೇ ಬಜೆಟ್ ಉಂಟೆಂದು ಅವಳು ಹೇಳಿರಲಿಲ್ಲ!

ಮೊದಲ ಸಂಜೆಯೇ ಗೊತ್ತಾಯಿತು. ಮಾಮಿ ನನ್ನ ಮುಂದೆ ರಸಗುಲ್ಲದ ಕುಡಿಕೆ ಇಟ್ಟರು. ಒಂದು ತಿಂದೆ. ಎರಡನೆಯದಕ್ಕೆ ಚಮಚ ಹಾಕಿದ್ದೇ ತಡ, ಪೇಪರಿನ ಹಿಂದಿನಿಂದ ಮಾಮಾರ ಧ್ವನಿ ಬಂತು.

"ತಂಗಿ, ಮೊದಲನೇದು ತೆರಿಗಿಮುಕ್ತ. ಎರಡನೇದಕ್ಕ ಕಾಲುಭಾಗ ಕೊಡಬೇಕಾಗ್ತದ. ಮೂರನೇದಕ್ಕ ಅರ್ಧ."

"ಯಾರಿಗೆ ಕೊಡಬೇಕು ಮಾಮಾ?"

"ಇನ್ನೂ ಒಂದೂ ತಿನ್ನದವರಿಗೆ."

ಅಂಥವರು ಯಾರೆಂದು ತಿರುಗಿ ನೋಡಿದೆ. ಅಡುಗೆಮನೆಯಲ್ಲಿ ಮನೆಗೆಲಸದ ಮಿನತಿ ಪಾತ್ರೆ ತೊಳೆಯುತ್ತಿದ್ದಳು. ಅವಳ ಸೆರಗು ಹಿಡಿದುಕೊಂಡು, ಆಗಷ್ಟೇ ನಡೆಯಲು ಕಲಿತ ಮಗಳು ಟುಸು ನಿಂತಿದ್ದಳು. ಅವಳ ಕಣ್ಣೆಲ್ಲ ನನ್ನ ಚಮಚದ ಮೇಲೆಯೇ. ಒಂದು ರಸಗುಲ್ಲದಲ್ಲಿ ಕಾಲುಭಾಗ ತೆಗೆಯುವುದು ಹೇಗೆ ಹೇಳಿ? ಒತ್ತಿದರೆ ಪಾಕವೆಲ್ಲ ಮೈಮೇಲೆ, ಬಿಟ್ಟರೆ ಮತ್ತೆ ಚೆಂಡು! ಬೇಸತ್ತು ಇಡೀ ರಸಗುಲ್ಲವನ್ನೇ ಆ ಮಗುವಿನ ಕೈಗಿಟ್ಟೆ.

"ಹೆಚ್ಚಿಗಿ ಕಟ್ಟಿದಿ. ಮುಂದಿನ ಸಲ ಹೊಂದಿಸಿಕೊಳ್ಳೋಣಂತ" ಎಂದು ಮಾಮಾ ಪೇಪರಿನೊಳಗೆ ವಾಪಸು ಹೋದರು.

ಮೊದಲ ಸಂಬಳ ಬಂದ ದಿನ "ಪಗಾರ ಎಷ್ಟವಾ?" ಎಂದು ಕೇಳಿದರು. ಹೇಳಿದೆ. ಆಯುಷ್ಯವೆಲ್ಲ ದುಡಿದ ಅವರ ಪಗಾರಕ್ಕಿಂತ ಅದು ಜಾಸ್ತಿಯಿತ್ತು. ಅಯ್ಯೋ, ಮನಸ್ಸಿಗೆ ಬೇಜಾರಾಯಿತೇನೋ ಎಂದು ನಾನು ಪೇಚಾಡುವಷ್ಟರಲ್ಲಿ ಅವರು ಕುರ್ಚಿಯಿಂದ ಜಿಗಿದೆದ್ದು ಅಡುಗೆಮನೆ ಕಡೆಗೆ ಕೂಗಿದರು. "ಏ, ಕೇಳಿದೇನ? ನಮ್ಮ ಮನಿಗೂ ಮ್ಯಾಲಿನ ಸ್ಲ್ಯಾಬಿನವರು ಬಂದರು!" ಗಂಡು ಮಗು ಹುಟ್ಟಿದ ಮನೆಯಲ್ಲೂ ಅಷ್ಟು ಸಂಭ್ರಮ ಇರುವುದಿಲ್ಲ.

ಅಂದಿನಿಂದ ಬಾಡಿಗೆ, ಗ್ಯಾಸು, ಕರೆಂಟು ಎಲ್ಲದರಲ್ಲೂ ನನ್ನದು ಮೇಲಿನ ದರ. ಹಣದ ಮಾತು ಹಾಳಾಗಲಿ, ಗಾಳಿಗೂ ಸ್ಲ್ಯಾಬು! ಕರೆಂಟು ಹೋದಾಗ ಇನ್ವರ್ಟರಿನ ಒಂದೇ ಫ್ಯಾನು ತಿರುಗುತ್ತಿತ್ತು. ಅದರ ಕೆಳಗೆ ಕೂತವರು ಬೀಸಣಿಗೆಯಿಂದ ದೂರ ಕೂತವರಿಗೆ ಗಾಳಿ ಹಾಕಬೇಕು. ಫ್ಯಾನಿನ ಕೆಳಗೆ ಕೂತು ಬೀಸಿ ಬೀಸಿ ಬೆವರಿದ ಪ್ರಾಣಿ ಇಡೀ ಬಂಗಾಳದಲ್ಲಿ ನಾನೊಬ್ಬಳೇ ಇರಬೇಕು.

ಮಾಮಿ ಒಬ್ಬರು ಮಾತ್ರ ಈ ರಾಜ್ಯದಲ್ಲಿ ವಿರೋಧಪಕ್ಷ.

"ನನ್ನ ಕೆಲಸಕ್ಕ ಪಗಾರನ ಇಲ್ಲ. ನನಗ ಯಾವ ತೆರಿಗಿ ಹಾಕ್ತೀರಿ?" ಎಂದರು ಒಮ್ಮೆ.

"ನೀ ತೆರಿಗಿ ಕಟ್ಟೂ ಪೈಕಿ ಅಲ್ಲ. ನೀ ಈ ಮನೀ ಖಜಾನಿ" ಎಂದರು ಮಾಮಾ, ಬಹಳ ಗೌರವದಿಂದ.

"ಹೌದೌದು. ಖಜಾನಿಗೆ ಯಾರೂ ಹೊಸ ಸೀರಿ ತರೂದಿಲ್ಲ ನೋಡ್ರಿ, ಅದಕ್ಕ ಹಂಗಂತೀರಿ."

ಫೆಬ್ರುವರಿ ಕೊನೆಗೆ ದಿಲ್ಲಿಯ ಬಜೆಟ್ ಬಂದ ಮರುದಿನ ಮಾಮಾರ ಮನೆಯ ಬಜೆಟ್. ದಿಲ್ಲಿಯಲ್ಲಿ ಬಜೆಟ್ ಅಚ್ಚಾಗುವ ಮೊದಲು ಹಲ್ವಾ ಮಾಡಿ ಹಂಚುತ್ತಾರಂತೆ, ಆಮೇಲೆ ಗುಟ್ಟು ಹೊರಬೀಳದಂತೆ ಅಧಿಕಾರಿಗಳನ್ನು ಒಳಗೇ ಕೂಡಿಹಾಕುತ್ತಾರಂತೆ. ಆದ್ದರಿಂದ ಮಾಮಿ ಶಿರಾ ಮಾಡಬೇಕು, ಮಾಮಾ ತಿನ್ನಬೇಕು, ಕೋಣೆ ಸೇರಬೇಕು, ಮಾಮಿ ಹೊರಗಿನಿಂದ ಚಿಲಕ ಹಾಕಬೇಕು. ಒಂದು ವರ್ಷ ಮಾಮಿ ಚಿಲಕ ಹಾಕಿ, ಮರೆತು, ಗರಿಯಾಹಾಟಿಗೆ ಸೀರೆ ನೋಡಲು ಹೋಗಿಬಿಟ್ಟರು. ನಾನು ಆಫೀಸಿನಿಂದ ಬಂದಾಗ ಅರ್ಥಮಂತ್ರಿಗಳು ಬಾಗಿಲು ಬಡಿದು ಬಡಿದು ದಣಿದಿದ್ದರು. ಆ ವರ್ಷ ಖಜಾನೆಗೆ ಸೀರೆಯ ಬಾಬತ್ತು ಮಂಜೂರಾಯಿತು.

ಇಷ್ಟೇ ಆಗಿದ್ದರೆ ಮನೆಯೊಳಗಿನ ಹುಚ್ಚು ಮನೆಯೊಳಗೇ ಇರುತ್ತಿತ್ತು. ಆದರೆ ಒಂದು ಮಳೆಗಾಲದ ಬೆಳಗ್ಗೆ ಮಿನತಿ ಪಾತ್ರೆ ತೊಳೆಯುತ್ತ ಮೂಗೊರೆಸಿಕೊಳ್ಳುತ್ತಿದ್ದಳು. ಟುಸು ಓಡಾಡಲು ಕಲಿತು, ಹೋದ ಮನೆಯಲ್ಲೆಲ್ಲ ಏನಾದರೂ ಎಳೆದು ಬೀಳಿಸುತ್ತಿದ್ದಳು. ಅವಳು ಕೆಲಸ ಮಾಡುವ ಉಳಿದ ನಾಲ್ಕು ಮನೆಗಳವರು ಖಡಾಖಂಡಿತ ಹೇಳಿದ್ದರು: ಕೂಸನ್ನು ಬಿಟ್ಟು ಬಾ, ಇಲ್ಲದಿದ್ದರೆ ಬರಲೇಬೇಡ. ಬಿಟ್ಟು ಬರಲು ಅವಳಿಗೆ ಯಾರೂ ಇರಲಿಲ್ಲ. ಈ ಓಣಿಯಲ್ಲಿ ಅಂಥ ತಾಯಂದಿರು ಅವಳೊಬ್ಬಳೇ ಅಲ್ಲ.

ಮಾಮಾ ಅಂದು ಚಹಾ ಅರ್ಧಕ್ಕೇ ಬಿಟ್ಟರು. ನಮ್ಮ ಪಾಡಾದಲ್ಲಿ, ಅಂದರೆ ಓಣಿಯಲ್ಲಿ, ಹುಡುಗರದೊಂದು ಕ್ಲಬ್ಬಿತ್ತು. ಒಂದು ಕೋಣೆ, ಒಂದು ಕೇರಂ ಬೋರ್ಡು, ವರ್ಷಕ್ಕೊಂದು ದುರ್ಗಾಪೂಜೆ. ಹಗಲೆಲ್ಲ ಕೋಣೆಗೆ ಬೀಗ. ಪೂಜೆಯ ಚಾಂದಾ, ಅಂದರೆ ವಂತಿಗೆ, ಎತ್ತಲು ಕ್ಲಬ್ಬಿನ ಮುಖಂಡ ಬಾಪಿ ಬಂದಾಗ ಮಾಮಾ ಅವನನ್ನು ಕೂರಿಸಿಕೊಂಡರು. ಮಾಮಾರ ಬಂಗಾಳಿ ಧಾರವಾಡದ ರಾಗದಲ್ಲೇ ಇರುತ್ತಿತ್ತು. ಅದನ್ನು ಬರೆಯಲು ಯಾವ ಲಿಪಿಯೂ ಸಾಲದು, ಆದ್ದರಿಂದ ಕನ್ನಡದಲ್ಲೇ ಹೇಳುತ್ತೇನೆ.

"ಎಲ್ಲಾ ಮನಿಗೂ ಒಂದ ಚಾಂದಾ ಯಾಕ? ಇದ್ದವರ ಕಡೆ ಹೆಚ್ಚಿಗಿ ತಗೋ, ಇಲ್ಲದವರ ಮನಿ ಮೆಟ್ಟಲಾ ಹತ್ತಬ್ಯಾಡ. ಮುದುಕರು, ರಿಟೈರ್ ಆದವರು, ಅವರಿಗೆ ಪೂರಾ ಮಾಫಿ. ಉಳಿದ ರೊಕ್ಕದಾಗ ಕ್ಲಬ್ಬಿನ ಕ್ವಾಣಿ ಹಗಲೊತ್ತು ತಗದು ಕೂಸುಗಳನ್ನ ಇಟಗೋರಿ, ನೋಡಿಕೊಳ್ಳಿಕ್ಕೆ ಒಬ್ಬಾಕಿ ಆಯಾನ್ನ ಇಡ್ರಿ."

"ಮೇಶೋಮಶಾಯ್" ಎಂದು ಬಾಪಿ ತಲೆ ಕೆರೆದುಕೊಂಡ. ಚಿಕ್ಕಪ್ಪನ ಸಮಾನರಾದವರನ್ನು ಅಲ್ಲಿ ಕರೆಯುವುದು ಹಾಗೆ. "ಪಕ್ಕದ ಪಾಡಾದವರು ಈ ಸಲ ಎಂಥ ಲೈಟಿಂಗ್ ಮಾಡ್ತಿದ್ದಾರೆ ಗೊತ್ತಾ?"

"ಲೈಟು ಪೂಜಾ ಮುಗದ ಮ್ಯಾಲೆ ಬಿಚ್ಚಿ ಒಯ್ತಾರ. ಕೂಸುಗಳನ್ನ ಎಲ್ಲಿಗೆ ಬಿಚ್ಚಿ ಒಯ್ಯೂದು?"

"ಹಾಗಾದ್ರೆ ದಾನ ಅಂತ ಕೇಳೋಣ. ಇಷ್ಟ ಇದ್ದವರು ಕೊಡಲಿ."

"ಬ್ಯಾಡ! ದಾನ ಕೊಟ್ಟಾಂವ ಈ ವರ್ಷ ಫೋಟೋ ತಗಸಿಕೋತಾನ, ಮುಂದಿನ ವರ್ಷ ಮನಸಿಲ್ಲ ಅಂತಾನ. ದಾನ ತಗೋಬ್ಯಾಡ್ರಿ. ಪಾಲು ತಗೋರಿ."

ಸರಿ, ಆದರೆ ಯಾರ ಆದಾಯ ಎಷ್ಟೆಂದು ತಿಳಿಯುವುದು ಹೇಗೆ? ಕೇಳಿದರೆ ಯಾರು ಹೇಳುತ್ತಾರೆ? ಮಾಮಾ ಕಂಡುಕೊಂಡ ಉಪಾಯ ಕೇಳಿದರೆ ನೀವು ನಂಬುವುದಿಲ್ಲ. ಬೆಳ್ಳುಳ್ಳಿಯನ್ನೂ ಮನೆಯೊಳಗೆ ಬಿಟ್ಟುಕೊಳ್ಳದ ಈ ವೈಷ್ಣವ ಬ್ರಾಹ್ಮಣ ದಿನಾ ಬೆಳಗ್ಗೆ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಮೀನುಪೇಟೆಯಲ್ಲಿ ನಿಂತರು! ಬಂಗಾಳಿ ಯಾವುದನ್ನು ಬೇಕಾದರೂ ಮುಚ್ಚಿಟ್ಟಾನು, ಕೈಯಲ್ಲಿ ತೂಗಾಡುವ ದುಬಾರಿ ಇಲಿಶ್ ಮೀನನ್ನು ಮುಚ್ಚಿಡಲಾರ. ದೊಡ್ಡ ಇಲಿಶ್ ಒಯ್ದವರು ಮೇಲಿನ ಸ್ಲ್ಯಾಬು, ಸಣ್ಣದು ಒಯ್ದವರು ನಡುವಿನದು, ಪುಡಿಮೀನಿನವರಿಗೆ ಮಾಫಿ. ಮೀನೇ ತಿನ್ನದ ನಮ್ಮ ಮನೆಯನ್ನು ಯಾವ ಸ್ಲ್ಯಾಬಿಗೆ ಹಾಕುವುದು ಎಂದು ಬಾಪಿ ಕೇಳಿದ. "ನಮ್ಮನಿಯಾಗ ಐಟಿ ಹುಡುಗಿ ಅದಾಳ, ಮ್ಯಾಲಿಂದಕ್ಕ ಹಾಕು" ಎಂದು ಮಾಮಾ ನನ್ನ ಮರ್ಯಾದೆಯನ್ನೂ ಹರಾಜು ಹಾಕಿದರು.

ಓಣಿಯ ತುದಿಯ ಎರಡು ಕಾರಿನ ಡಾಕ್ಟರು ಕುದಿಯುತ್ತ ಬಂದರು.

"ಅವತ್ತು ಮನೆಗೆ ಬೀಗರು ಬಂದಿದ್ದರು ಕಣ್ರೀ! ಅದಕ್ಕೇ ದೊಡ್ಡ ಮೀನು ತಗೊಂಡಿದ್ದು."

"ಹಂಗಾರ ಬೀಗರು ಬರದ ದಿನಾ ಏನು ಒಯ್ತೀರಿ, ನೋಡೋಣಲ್ಲ" ಎಂದರು ಮಾಮಾ.

ಡಾಕ್ಟರು ಹಟಕ್ಕೆ ಬಿದ್ದರು. ಮರುದಿನದಿಂದ ಮಾಮಾರ ಎದುರೇ, ಅವರಿಗೆ ಕಾಣುವಂತೆ, ಬೆರಳುದ್ದದ ಮೀನು ಕೊಂಡರು. ಒಂದು ವಾರವೂ ತುಂಬಿರಲಿಕ್ಕಿಲ್ಲ, ಡಾಕ್ಟರ ಹೆಂಡತಿ ತಾವೇ ನಮ್ಮ ಮನೆಗೆ ಬಂದು ಮೇಲಿನ ಸ್ಲ್ಯಾಬಿನ ಚಾಂದಾ ಮೇಜಿನ ಮೇಲಿಟ್ಟರು. "ಮುಳ್ಳು ಬಿಡಿಸಿ ಬಿಡಿಸಿ ಸಾಕಾಯಿತು. ಇವರ ಜಿಪುಣತನಕ್ಕೆ ಇಲಿಶ್ ಕಾಲವೇ ಮುಗಿದುಹೋಗುತ್ತೆ" ಎಂದರು. ಆ ವರ್ಷ ನಮ್ಮ ಪೆಂಡಾಲಿನಲ್ಲಿ ಲೈಟು ಕಡಿಮೆಯಿತ್ತು. ಪೂಜೆ ಕಳೆದ ಮೇಲೆ ಕ್ಲಬ್ಬಿನ ಕೋಣೆಯ ಬೀಗ ಹಗಲು ತೆರೆಯಿತು. ಒಬ್ಬ ಆಯಾ ಬಂದಳು, ಚಾಪೆ ಬಂತು, ಟುಸು ಮತ್ತು ಅವಳ ಸೈನ್ಯ ಬಂತು. ಮಿನತಿಯ ಐದು ಮನೆಗಳೂ ಉಳಿದವು.

ಮುಂದೆ ಒಂದೆರಡು ಪೂಜೆ ಹೀಗೇ ಕಳೆದವು. ಆಮೇಲೆ ಮಾಮಾ ನಿವೃತ್ತರಾದರು.

ಆ ವರ್ಷವೂ ಚಾಂದಾದ ದಿನ ತಲೆಗೆ ಎಣ್ಣೆ, ಸ್ನಾನ, ಇಸ್ತ್ರಿ ಅಂಗಿ. ಜೇಬಿನಲ್ಲಿ ನೋಟು ಮಡಚಿಟ್ಟುಕೊಂಡು ಬಾಗಿಲ ಹಿಂದೆಯೇ ನಿಂತರು. ಸಂಜೆ ನಾನು ಮನೆಗೆ ಬಂದ ಮೇಲೆ ಮೆಟ್ಟಿಲಲ್ಲಿ ಹುಡುಗರ ಹೆಜ್ಜೆ ಸಪ್ಪಳ ಬಂತು, ನಮ್ಮ ಬಾಗಿಲನ್ನು ದಾಟಿ ಮೇಲಿನ ಮಹಡಿಗೆ ಹೋಯಿತು. ಮಾಮಾ ಬಾಗಿಲು ತೆಗೆದು ಕೂಗಿದರು. "ಬಾಪಿ, ನಮ್ಮ ಮನಿ ಮರತಿ?"

ಬಾಪಿ ಇಳಿದು ಬಂದು ಕಾಲು ಮುಟ್ಟಿ ನಮಸ್ಕರಿಸಿ, ನನ್ನ ಕಡೆ ಕೈ ತೋರಿಸಿದ. "ದೀದಿ ತಮ್ಮ ಪಾಲು ಆಫೀಸಿಗೆ ಹೋಗೋವಾಗ್ಲೇ ಕೊಟ್ರು ಮೇಶೋಮಶಾಯ್. ನಿವೃತ್ತರಿಗೆ ಮಾಫಿ ಅಂತ ನಿಯಮ ಮಾಡಿದ್ದು ನೀವೇ ಅಲ್ವಾ?"

"ನಾ ಖುಷಿಲೆ ಕೊಡ್ತೇನಿ, ತಗೋ."

"ಖುಷಿಯಿಂದ ಕೊಟ್ರೆ ಅದು ದಾನ. ದಾನ ತಗೋಬೇಡಿ ಅಂದಿದ್ದೂ ನೀವೇ!"

ಹುಡುಗ ಪ್ರೀತಿಯಿಂದಲೇ ಹೇಳಿದ. ಮಾಮಾ ನಕ್ಕರು, ಬಾಗಿಲು ಹಾಕಿಕೊಂಡರು, ಕಿಟಕಿಯ ಬಳಿ ಕೂತರು. ಅಂಗಿ ಬದಲಾಯಿಸಲಿಲ್ಲ. ಮರುದಿನವೂ ಅಲ್ಲೇ ಕೂತಿದ್ದರು, ಅದರ ಮರುದಿನವೂ. ಪೇಪರು ಬಿಡಿಸದೆ ಮಡಿಚಿದ ಹಾಗೇ ಬಿದ್ದಿರುತ್ತಿತ್ತು. ನನಗೆ ನಿಜವಾಗಿ ಹೆದರಿಕೆಯಾದದ್ದು ಒಂದು ಸಂಜೆ. ಅವರನ್ನು ಕೆಣಕಲೆಂದೇ ರಸಗುಲ್ಲ ತಂದು, ಅವರ ಎದುರೇ ಒಂದಾದ ಮೇಲೊಂದು ತಿಂದೆ. ಮೂರನೆಯದನ್ನು ಚಮಚದಲ್ಲಿ ಎತ್ತಿ ಅವರ ಕಣ್ಣ ಮುಂದೆ ಹಿಡಿದೆ.

"ತಿನ್ನವಾ" ಎಂದರು ಮಾಮಾ, ಕಿಟಕಿ ನೋಡುತ್ತಲೇ. "ಇನ್ನ ಯಾವ ಸ್ಲ್ಯಾಬು."

ರಸಗುಲ್ಲ ಬಾಯಲ್ಲಿಟ್ಟುಕೊಂಡು ಅಳುವುದು ಎಷ್ಟು ಕಷ್ಟ ಗೊತ್ತೇ? ಅಡುಗೆಮನೆಯಲ್ಲಿ ಮಾಮಿಯೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಈ ಮನುಷ್ಯನಿಗೆ ಕೊಡುವುದೆಂದರೆ ಲೆಕ್ಕದಲ್ಲಿ ಇರುವುದು. ಮಾಫಿ ಮಾಡಿ ನಾವೆಲ್ಲ ಅವರನ್ನು ಲೆಕ್ಕದಿಂದ ಹೊರಗೆ ಹಾಕಿದ್ದೆವು.

ಮರುದಿನ ಬೆಳಗ್ಗೆ ಮಿನತಿಯ ಹತ್ತಿರ ಹೇಳಿಕೊಂಡೆ. ಅವಳು ಕಡಾಯಿ ಉಜ್ಜುತ್ತ ಕೇಳಿದಳು, ಕೈ ಒರೆಸಿಕೊಂಡಳು, ನೆಟ್ಟಗೆ ಹೋಗಿ ಕಿಟಕಿಗೆ ಅಡ್ಡ ನಿಂತಳು.

"ಮೇಶೋಮಶಾಯ್, ಯಾರ ಹತ್ರ ಯಾವುದು ಹೆಚ್ಚಿದೆಯೋ ಅವರು ಅದನ್ನ ಹೆಚ್ಚು ಕೊಡಬೇಕು, ಇದೇ ತಾನೆ ನಿಮ್ಮ ಕಾನೂನು?"

"ಹೌದು."

"ಈ ಪಾಡಾದಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಯಾರ ಹತ್ರ ಇದೆ? ನನಗೆ ಐದು ಮನೆ. ಡಾಕ್ಟರಿಗೆ ರೋಗಿಗಳು. ದೀದಿಗೆ ಕಂಪ್ಯೂಟರು. ನೀವೊಬ್ಬರೇ ಬೆಳಗಿಂದ ಸಂಜೆವರೆಗೆ ಹೊತ್ತನ್ನ ಗುಡ್ಡೆ ಹಾಕಿಕೊಂಡು ಕೂತಿದ್ದೀರಿ. ಕ್ಲಬ್ಬಿನ ಆಯಾ ಒಬ್ಬಳು, ಮಕ್ಕಳು ಒಂದು ಹಿಂಡು. ತೆರಿಗೆ ತಪ್ಪಿಸಿಕೊಂಡು ಕೂತಿದ್ದೀರಲ್ಲ, ನಾಚಿಕೆ ಆಗಲ್ವಾ?"

ಮಾಮಾ ಚೇಳು ಕುಟುಕಿದವರಂತೆ ಎದ್ದುನಿಂತರು. "ನಾನು? ತೆರಿಗಿಗಳ್ಳ?"

ಆಮೇಲೆ ಮೆಲ್ಲಗೆ ಕೇಳಿದರು. "ಯಾವ ಸ್ಲ್ಯಾಬು?"

"ಎಲ್ಲಕ್ಕಿಂತ ಮೇಲಿನದು" ಎಂದಳು ಮಿನತಿ.

ಮಾಮಾ ಒಳಗೆ ಕೂಗಿದರು. "ಏ, ನನ್ನ ಇಸ್ತ್ರಿ ಅಂಗಿ ಎಲ್ಲದ?"

ಒಂದು ಶನಿವಾರ ನಾನು ಆ ಕೋಣೆಗೆ ಹೋಗಿ ನೋಡಿದೆ. ಗೋಡೆಗೆ ಒರಗಿಸಿದ ಕೇರಂ ಬೋರ್ಡಿನ ಕೆಳಗೆ ಮಾಮಾ ಚಾಪೆಯ ಮೇಲೆ ಕೂತಿದ್ದರು. ಬಂಗಾಳಿ ಕೂಸುಗಳ ಜೊತೆ ಶುದ್ಧ ಧಾರವಾಡದ ಕನ್ನಡದಲ್ಲಿ ಜಗಳ ನಡೆದಿತ್ತು. ಟುಸುವಿನ ಎರಡು ಕೈಯಲ್ಲೂ ಒಂದೊಂದು ಬಿಸ್ಕೀಟು.

"ಎರಡಿದ್ದಾಕಿ ಒಂದು ಕೊಡಬೇಕು ಟುಸು. ಯಾರ ಕೈಯಾಗ ಒಂದೂ ಇಲ್ಲ, ನೋಡು."

ಟುಸು ಸುತ್ತ ನೋಡಿದಳು. ಎಲ್ಲ ಮಕ್ಕಳ ಕೈಯಲ್ಲೂ ಬಿಸ್ಕೀಟಿತ್ತು. ಇಲ್ಲದ್ದು ಒಬ್ಬರಿಗೇ. ಅವಳು ಯೋಚಿಸಿ, ಒಂದನ್ನು ಅರ್ಧ ಕಚ್ಚಿ, ಉಳಿದ ಒದ್ದೆ ತುಂಡನ್ನು ಮಾಮಾರ ಬಾಯಿಗೆ ತುರುಕಿದಳು. ಮಡಿ ಮೈಲಿಗೆಯ ನಮ್ಮ ಮಾಮಾ ಅದನ್ನು ಉಗುಳಲಿಲ್ಲ. ಬಾಯಿ ತುಂಬ ಬಿಸ್ಕೀಟಿಟ್ಟುಕೊಂಡೇ ನನ್ನ ಕಡೆ ನೋಡಿದರು.

"ರೀಫಂಡ್ ಬಂತವಾ" ಎಂದರು. ಕಣ್ಣಲ್ಲಿ ನೀರು ತುಂಬಿ ಹರಿಯುತ್ತಿತ್ತು. ಒರೆಸಿಕೊಳ್ಳಲು ಅವರಿಗೆ ಕೈ ಬಿಡುವಿರಲಿಲ್ಲ, ಎರಡೂ ತೊಡೆಯ ಮೇಲೆ ಕೂಸುಗಳಿದ್ದವು. ನಾನೇ ಒರೆಸಿದೆ.