ನಾಲ್ಕಕ್ಷರಕ್ಕೆ ಎಂಟು ದಿನ

ಗುಂಡ್ಲುಪೇಟೆಯಲ್ಲಿ ಬ್ರಷ್ಷು ಹಿಡಿದು ಅಕ್ಷರ ಬರೆಯುವ ನನಗೆ ಕೆಲಸಕ್ಕೆ ಬರ ಬಂದದ್ದುಂಟು, ನಗುವಿಗೆ ಬಂದಿಲ್ಲ. ಒಂದೇ ಒಂದು ಹೆಸರು ಬರೆದು ಮುಗಿಸುವಷ್ಟರಲ್ಲಿ ಏನೇನಾಯಿತು ಕೇಳಿ.

ಉಗುರಿನ ಪರೀಕ್ಷೆ

ಹಂಗಳದ ಚೆಂಡು ಹೂವಿನ ರೈತರೊಬ್ಬರು ಹೊಸ ಟೆಂಪೊ ಕೊಂಡು, ಅದರ ಹಣೆಗೆ ತಾಯಿಯ ಹೆಸರು ‘ಚೆಲುವಮ್ಮ’ ಅಂತ ಕಂಪ್ಯೂಟರ್ ಸ್ಟಿಕ್ಕರ್ ಅಂಟಿಸಿದ್ದರು. ಓದು ಬಾರದ ಆ ತಾಯಿ ಸುಮ್ಮನೆ ಉಗುರಿನಿಂದ ಕೆರೆದರಂತೆ. ‘ಚೆ’ ಕಿತ್ತು ಕೈಗೆ ಬಂತು.

“ಉಗುರ್ಗೆ ಕಿತ್ತ್ ಬರೋ ಹೆಸ್ರು ನಂಗ್ ಬ್ಯಾಡ ಅಂತ ಕುಂತವ್ಳೆ ಕಣಣ್ಣ. ಅವ್ವ ಒಪ್ಪೋಗಂಟ ಗಾಡಿ ಒರಡಕಿಲ್ಲ,” ಅಂದರು ಆ ರೈತರು.

ನಂಬರ್ ಪ್ಲೇಟು ಬರೆದುಕೊಂಡು ಕೂತಿದ್ದ ನನಗೆ ಎಷ್ಟೋ ದಿನಗಳ ಮೇಲೆ ಬಂದ ನಿಜವಾದ ಕೆಲಸ. ಎಂಟು ದಿನ ಬೇಕು ಅಂದೆ.

“ನಾಕಕ್ಸರಕ್ಕೆ ಎಂಟ್ ದಿನ್ವಾ? ಸ್ಟಿಕ್ಕರ್ನೋನು ಅತ್ ನಿಮ್ಸಕ್ಕೆ ಕೊಟ್ಟ!”

“ಅದಕ್ಕೇ ಹತ್ತು ನಿಮಿಷಕ್ಕೆ ಕಿತ್ತು ಬಂತು,” ಅಂದೆ.

ಬಸ್ಸಿನಲ್ಲಿ ಸಿಕ್ಕ ತಿರುವು

ಮೂರು ದಿನ ಹಳೇ ಮದುವೆ ಕಾರ್ಡುಗಳ ಬೆನ್ನ ಮೇಲೆ ಪೆನ್ಸಿಲ್ ಆಡಿಸಿದೆ. ‘ಲು’ವಿನ ಕೊಂಬು ಸರಿಯಾಗಿ ಕೂತಿತು, ‘ವ’ದ ಹೊಟ್ಟೆ ತುಂಬಿತು. ಕೊನೆಯ ಒತ್ತಕ್ಷರದ ಬಾಲವನ್ನು ಮಾತ್ರ ಇಡೀ ಹೆಸರಿನ ಕೆಳಗೆ ಬಳ್ಳಿಯ ಹಾಗೆ ಹಿಂದಕ್ಕೆ ಎಳೆಯಬೇಕು, ಅದು ಬಗ್ಗುತ್ತಿಲ್ಲ. ಹೆಂಡತಿ ನೋಡಿ, “ಇದೇನಿದು, ಚೆಲುವಮ್ಮ ಜಾರಿ ಬಿದ್ದಂಗವ್ರೆ,” ಅಂದಳು.

ಬೇಸರ ಕಳೆಯಲು ಅವಳನ್ನು ಕರೆದುಕೊಂಡು ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟೆ. ಕಾಡಿನ ದಾರಿಯಲ್ಲಿ ಬಸ್ಸು ಒಂದು ತಿರುವಿಗೆ ನಿಧಾನವಾಗಿ ವಾಲಿ ಮೇಲೆದ್ದಾಗ, ನಾನು ಹುಡುಕುತ್ತಿದ್ದ ಬಾಲ ರಸ್ತೆಯಾಗಿ ಕಣ್ಣೆದುರೇ ಮಲಗಿತ್ತು! “ನಿಲ್ಸಿ, ಇಳ್ದು ಬರ್ಕೋಬೇಕು!” ಎಂದು ಕೂಗಿದೆ.

“ಕುಂತ್ಕಂಡೇ ಬರ್ಕಳಿ ಯಜಮಾನ್ರೆ,” ಅಂದ ಕಂಡಕ್ಟರ್. “ಇಲ್ಲಿ ಇಳುದ್ರೆ ಆನೆ ತಿದ್ದುತ್ತೆ.”

ಟಿಕೆಟ್ಟಿನ ಹಿಂಬದಿಯಲ್ಲೇ ಬರೆದುಕೊಂಡೆ.

ಸ್ಟೂಲಿನ ಮೇಲೆ ಚೆಲುವಮ್ಮ

ಹೆಸರನ್ನು ದೊಡ್ಡ ಹಾಳೆಗೆ ಇಳಿಸಿ, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿದೆ. ಹಂಗಳಕ್ಕೆ ಹೋಗಿ ಹಾಳೆಯನ್ನು ಟೆಂಪೊ ಹಣೆಗೆ ಅಂಟಿಸಿ, ಬಟ್ಟೆಯಲ್ಲಿ ಕಟ್ಟಿದ ಸುಣ್ಣದ ಪುಡಿಯಿಂದ ತಟ್ಟಿದೆ. ತೂತುಗಳಿಂದ ಪುಡಿ ಇಳಿದು ಹೆಸರು ಚುಕ್ಕಿ ಚುಕ್ಕಿಯಾಗಿ ಮೂಡಿತು. ಅದರ ಮೇಲೆ ಬಣ್ಣ. ಉಸಿರು ಬಿಗಿಹಿಡಿದು ಬಾಲವನ್ನು ಒಂದೇ ಎಳೆತಕ್ಕೆ ಎಳೆದೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ನನ್ನ ಕೈಯಿಂದ ಅಷ್ಟು ಚೆಂದದ ಗೆರೆ ಹಿಂದೆಂದೂ ಬಿದ್ದಿರಲಿಲ್ಲ.

ಬಣ್ಣ ಒಣಗುವವರೆಗೂ ಚೆಲುವಮ್ಮನವರು ಎದುರಿಗೆ ಸ್ಟೂಲ್ ಹಾಕಿಕೊಂಡು ಕಾದರು. ಆಮೇಲೆ ಎದ್ದು ಉಗುರು ಹಾಕಿ ಕೆರೆದರು. ಏನೂ ಕಿತ್ತು ಬರಲಿಲ್ಲ.

“ಇದು ನಾನಾ?” ಅಂದರು.

“ನೀವೇ ಕಣವ್ವ.”

“ಮದ್ವೇಲೂ ಇಷ್ಟ್ ಚೆಂದಾಗಿರ್ನಿಲ್ಲ ಬುಡು!”

ಮಗನಿಗೆ ಗಾಡಿ ಹೊರಡಿಸಲು ಹೇಳಿ, ನನ್ನಿಂದ ಆ ತೂತಿನ ಹಾಳೆ ಕೇಳಿ ಇಸಕೊಂಡರು. ದೇವರ ಪಕ್ಕ ಇಡುತ್ತಾರೇನೋ ಎಂದು ಹೆಮ್ಮೆಯಿಂದಲೇ ಕೊಟ್ಟೆ.

ಸೈನು

ತಿಂಗಳ ನಂತರ ಹಂಗಳದ ಅವರ ಬೀದಿಗೆ ಹೋದರೆ ಎಲ್ಲ ಬಾಗಿಲ ಮುಂದೂ ರಂಗೋಲಿಯಲ್ಲಿ ‘ಚೆಲುವಮ್ಮ’! ನನ್ನ ಹಾಳೆ ಸರದಿಯ ಮೇಲೆ ಮನೆ ಮನೆ ಸುತ್ತುತ್ತಿತ್ತು. ಚೆಲುವಮ್ಮನವರಿಗೆ ಪಾರ್ಸೆಲ್ ತಂದ ಕೊರಿಯರ್‌ನವನು ಬೀದಿ ನಡುವೆ ಬೈಕ್ ನಿಲ್ಲಿಸಿ ತಲೆ ಕೆರೆದುಕೊಳ್ಳುತ್ತಿದ್ದ. ನಾನೇ ಮನೆ ತೋರಿಸಿದೆ.

“ಸಹಿ ಹಾಕಿ ಅಜ್ಜಿ. ಬರಲ್ಲ ಅಂದ್ರೆ ಹೆಬ್ಬೆಟ್ಟು ಒತ್ತಿ,” ಅಂದ.

“ಎಬ್ಬೆಟ್ಟು ಯಾಕ್ಲಾ? ನನ್ ಸೈನು ಅದೆ ತಡಿ,” ಎಂದು ಪಕ್ಕದ ಮನೆಗೆ ಹೋಗಿ ಹಾಳೆ ಮತ್ತು ರಂಗೋಲಿ ಗಂಟು ತಂದರು. ಅವನ ಸಹಿ ಪುಸ್ತಕ ಅಂಗೈ ಅಗಲ, ನನ್ನ ಹಾಳೆ ಎರಡಡಿ. ಅಜ್ಜಿ ಅತ್ತಿತ್ತ ನೋಡಿದರು. ಅವನ ಬೆನ್ನಿಗೆ ದೊಡ್ಡದೊಂದು ಕಪ್ಪು ಚೀಲವಿತ್ತು.

“ತಿರ್ಗ್ಲಾ. ಅಲ್ಲಾಡ್ಬ್ಯಾಡ,” ಅಂದವರೇ ಹಾಳೆ ಒತ್ತಿ ಹಿಡಿದು ಗಂಟಿನಿಂದ ಪಟಪಟ ತಟ್ಟಿದರು.

ಗುಂಡ್ಲುಪೇಟೆಯವರೆಗೂ ನನ್ನ ಮೊಪೆಡ್ಡಿನಲ್ಲಿ ಅವನ ಹಿಂದೆಯೇ ಬಂದೆ. ಮುಂದೆ ಹೋಗಲು ಮನಸ್ಸೇ ಬರಲಿಲ್ಲ. ಕೊನೆಗೆ ಅವನು ಬೈಕ್ ನಿಲ್ಲಿಸಿ ರೇಗಿದ: “ಏನ್ ಸಾರ್, ಅಲ್ಲಿಂದ ಬೆನ್ನು ಬಿದ್ದಿದ್ದೀರಾ?”

“ನಾಲ್ಕೇ ಅಕ್ಷರ ಕಣಪ್ಪ,” ಅಂದೆ. “ಬರೆಯಕ್ಕೆ ಎಂಟು ದಿನ ಆಯ್ತು. ಓದಕ್ಕೂ ಸ್ವಲ್ಪ ಟೈಮ್ ಕೊಡು.”