ಅತ್ತೆಯ ಕಬ್ಬಿಣ, ಮಾವನ ತಲೆ

ನಮ್ಮತ್ತೆಯನ್ನು ಕಂಡರೆ ಕೃಷ್ಣರಾಜಪೇಟೆಯ ಗುಜರಿ ಅಂಗಡಿಯವನಿಗೆ ಹೊಟ್ಟೆಕಿಚ್ಚು. ಅವನ ಅಂಗಡಿಯಲ್ಲಿಲ್ಲದಷ್ಟು ಕಬ್ಬಿಣ ಈಕೆಯ ಮೈಮೇಲೆಯೇ ಓಡಾಡುತ್ತದೆ! ಅತ್ತೆ ಎಂದರೆ ಗಂಡನ ತಾಯಿ ಎಂದು ಹೆದರಬೇಡಿ, ನಮ್ಮಪ್ಪನ ಅಕ್ಕ. ಅಕ್ಕಿಹೆಬ್ಬಾಳಿನಲ್ಲಿ ಎರಡು ಹಸು, ಒಬ್ಬ ಗಂಡ, ಬೇಕಾದಷ್ಟು ಮೊಳೆ ಇಟ್ಟುಕೊಂಡು ಸಂಸಾರ ಮಾಡುತ್ತಿರುವವಳು. ಗಾಳಿಯೋ, ದೃಷ್ಟಿಯೋ, ಹೆದರಿಕೆಯೋ, ಯಾವುದಾದರೂ ಸರಿ, ಕಬ್ಬಿಣ ಕಂಡರೆ ಓಟ ಕೀಳುತ್ತದೆ ಎಂಬುದು ಆಕೆಯ ಸಿದ್ಧಾಂತ. ಬಾಗಿಲಿಗೆ ಲಾಳ, ತೊಟ್ಟಿಲಿಗೆ ಕುಡುಗೋಲು. ಮಾವ ಎರಡು ಸಲ ಸೀನಿದರೂ ದಿಂಬಿನಡಿಗೆ ಒಂದು ಮೊಳೆ ಹೋಗುತ್ತಿತ್ತು.

ಹಬ್ಬದ ಮಾರನೆಯ ದಿನ ಪಾಂಡವಪುರದ ನಮ್ಮ ಮನೆಗೆ ಬಾಡಿನ ಸಾರು ಬರುವುದು ವಾಡಿಕೆ. ಬಾಡು ಒಯ್ಯುವಾಗ ದಾರಿಯಲ್ಲಿ ಗಾಳಿ ಮೆಟ್ಟಿಕೊಳ್ಳದಿರಲಿ ಎಂದು ಎಲ್ಲರೂ ಕ್ಯಾರಿಯರ್ ಮೇಲೆ ಒಂದು ಚೂರು ಇದ್ದಿಲೋ ಕಬ್ಬಿಣವೋ ಇಡುತ್ತಾರೆ. ಅತ್ತೆಗೆ ಅಷ್ಟಕ್ಕೆ ಸಮಾಧಾನವೇ? ಬಸ್ಸಿನ ಕುಲುಕಾಟಕ್ಕೆ ಬಿದ್ದುಹೋದರೆ? ಸಾರಿನೊಳಗೇ ಹಾಕಿಬಿಟ್ಟಳು! ಅಪ್ಪ ಒಳ್ಳೇ ನಲ್ಲಿಮೂಳೆ ಸಿಕ್ಕಿತೆಂದು ಕಣ್ಣುಮುಚ್ಚಿ ಕಡಿದರು. ಟ್ರಾಕ್ಟರಿನ ನಟ್ಟು! ಫೋನು ಮಾಡಿ ಕೂಗಾಡಿದರೆ ಅತ್ತೆ, "ಓಗಿದ್ದು ಒಂದ್ ಅಲ್ಲು ತಾನೆ ಕಣ್ಲಾ? ಗಾಳಿ ಮೆಟ್ಕಂಡಿದ್ರೆ ಏನ್ ಮಾಡ್ತಿದ್ದೆ? ಆ ನಟ್ಟು ತೊಳ್ದು ವಾಪಸ್ ಕಳ್ಸು" ಎಂದಳು.

ಇನ್ನೊಮ್ಮೆ ಶ್ರೀರಂಗಪಟ್ಟಣಕ್ಕೆ ಯಾರೋ ಮಂತ್ರಿಗಳು ಬರುತ್ತಾರೆಂದು ದೇವಸ್ಥಾನದ ಮುಂದೆ ಲೋಹ ಕಂಡರೆ ಕುಂಯ್‌ಗುಟ್ಟುವ ಬಾಗಿಲೊಂದನ್ನು ನಿಲ್ಲಿಸಿದ್ದರು. ಅತ್ತೆ ಕಾಲಿಟ್ಟದ್ದೇ ತಡ, ಅದು ಬಾಯಿಬಾಯಿ ಬಡಿದುಕೊಂಡಿತು. ಮಹಿಳಾ ಪೊಲೀಸು ಆಕೆಯ ಸೆರಗಿನ ಗಂಟಿನಿಂದ ಮೊಳೆ, ಎಲೆಯಡಿಕೆ ಚೀಲದಿಂದ ಅಡಕತ್ತರಿ, ಸೊಂಟದಿಂದ ಯಾವ ಬೀಗಕ್ಕೂ ಸೇರದ ಏಳು ಬೀಗದಕೈ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಏನಮ್ಮಾ ಇದೆಲ್ಲ?"

"ಮಂತ್ರಿಗಳ್ಗೂ ಒಂದು ಕೊಡವ್ವ, ಪಾಪ, ಬೋ ದೃಷ್ಟಿ ಬಿದ್ದಿರ್ತದೆ!"

ಇಂಥವಳ ಗಂಡ, ಅಂದರೆ ನಮ್ಮ ಮಾವ, ಹೋದ ವರ್ಷ ಹುಲ್ಲಿನ ಮೆದೆಯಿಂದ ಜಾರಿ, ಕೆಳಗಿದ್ದ ಕಲ್ಲುಬಾನಿಗೆ ತಲೆ ಬಡಿದುಕೊಂಡರು. ಎಚ್ಚರ ತಪ್ಪಿತು. ಆಂಬುಲೆನ್ಸು ಬೆಳ್ಳೂರು ಕ್ರಾಸು ದಾಟಿ ದೊಡ್ಡಾಸ್ಪತ್ರೆ ಮುಟ್ಟುವ ತನಕ ಅತ್ತೆ ಮಾವನ ಅಂಗೈಯಲ್ಲಿ ಒಂದು ಮೊಳೆ ಒತ್ತಿ ಹಿಡಿದೇ ಇದ್ದಳು. ಜೊತೆಗೆ ನಾನೂ ಇದ್ದೆ.

ಅಲ್ಲಿನ ಡಾಕ್ಟರು ನಾಗಮಂಗಲದ ಕಡೆಯ ಹುಡುಗಿ. ಕೂರಿಸಿಕೊಂಡು ಹೇಳಿದಳು: "ಪೆಟ್ಟು ಬಿದ್ದ ಮಿದುಳು ಊದ್ಕೊಳ್ಳುತ್ತೆ ಅಜ್ಜಿ. ಬುರುಡೆ ಗಟ್ಟಿ, ಒಳಗೆ ಜಾಗ ಇಲ್ಲ. ಎಷ್ಟು ಊದಿದೆ ಅಂತ ನೋಡೋಕೆ ಸಾಮಾನ್ಯವಾಗಿ ತೂತು ಕೊರೆದು ತಂತಿ ಇಳಿಸ್ತೀವಿ. ಇಲ್ಲೊಂದು ಹೊಸ ಯಂತ್ರವನ್ನ ಪರೀಕ್ಷೆ ಮಾಡ್ತಿದೀವಿ. ತಲೆಗೆ ಬರೀ ಪಟ್ಟಿ ಕಟ್ಟೋದು, ತೂತಿಲ್ಲ. ಅಯಸ್ಕಾಂತದ ಶಕ್ತೀಲೇ ಒಳಗಿನ ಊತ ಗೊತ್ತಾಗುತ್ತೆ. ಪರದೆ ಮೇಲಿನ ಗೆರೆ ನೆಟ್ಟಗಿದ್ರೆ ಸರಿ; ಏರಿದ್ರೆ ಬುರುಡೆ ತೆರೀಬೇಕು."

ಅತ್ತೆಯ ಮುಖ ಅರಳಿತು. "ಅಯಸ್ಕಾಂತನಾ? ನಮ್ ಕಬ್ಬುಣದ ನೆಂಟನೇ ಬುಡು! ಕಟ್ಟವ್ವ, ಕಟ್ಟು!"

"ನೆಂಟ ಅಂತಲೇ ತೊಂದರೆ ಅಜ್ಜಿ. ಹತ್ತಿರ ಲೋಹ ಬಂದ್ರೆ ಯಂತ್ರ ಸುಳ್ಳು ಹೇಳುತ್ತೆ."

ನರ್ಸು ತಟ್ಟೆ ಹಿಡಿದು ಬಂದಳು. ಮೊಳೆ, ಅಡಕತ್ತರಿ, ಬೀಗದಕೈ ಎಲ್ಲ ಅದರೊಳಕ್ಕೆ ಠಣಠಣ ಬಿದ್ದವು. ಅತ್ತೆ ಒಂದೇ ಗಳಿಗೆಯಲ್ಲಿ ಎರಡು ಕೆಜಿ ಇಳಿದಳು!

ಒಂದು ದಿನ ಗೆರೆ ನೆಟ್ಟಗೆ ಮಲಗಿತ್ತು. ಮಾರನೆಯ ಸಂಜೆ ಅತ್ತೆಯನ್ನು ಹತ್ತು ನಿಮಿಷ ಒಳಗೆ ಬಿಟ್ಟರು. ಅವಳು ಹೊರಗೆ ಬಂದು ಕೂತಳೋ ಇಲ್ಲವೋ, ಯಂತ್ರ ಕಿರುಚತೊಡಗಿತು. ಗೆರೆ ಮೇಲಕ್ಕೆ ಹಾರಿದ್ದು ಇಳಿಯಲೇ ಇಲ್ಲ. ಡಾಕ್ಟರು ಓಡಿದಳು, ಸ್ಕ್ಯಾನಿಗೆ ಕಳಿಸಿ ಅಂದಳು, ಆಪರೇಷನ್ ಕೋಣೆ ಸಿದ್ಧ ಮಾಡಿ ಅಂದಳು. ನನ್ನ ಕೈಗೆ ಸಹಿ ಹಾಕುವ ಕಾಗದ ಬಂತು. ಪೆನ್ನಿನ ಮುಚ್ಚಳ ತೆಗೆಯುತ್ತಿದ್ದೆ. ಅಷ್ಟರಲ್ಲಿ ಮಾವನನ್ನು ತಳ್ಳುಮಂಚಕ್ಕೆ ಎತ್ತಿದರು, ದಿಂಬು ಸರಿಯಿತು, ಏನೋ ಠಣ್ಣೆಂದು ನೆಲಕ್ಕೆ ಬಿತ್ತು.

ಎತ್ತಿನ ಲಾಳ! ನರ್ಸು ಎಲ್ಲ ಕಡೆ ಹುಡುಕಿದ್ದಳು, ಅತ್ತೆಯ ತುರುಬೊಂದನ್ನು ಬಿಟ್ಟು.

ಲಾಳವನ್ನು ಆಚೆ ಒಯ್ದರು. ಗೆರೆ ತಣ್ಣಗೆ ಇಳಿದು ಮಲಗಿತು. ಸ್ಕ್ಯಾನಿನಲ್ಲೂ ಊತ ಏರಿರಲಿಲ್ಲ. ಡಾಕ್ಟರು ನಗಬೇಕೋ ಬಯ್ಯಬೇಕೋ ತಿಳಿಯದೆ, "ಅಜ್ಜೀ, ಇನ್ನು ಸ್ವಲ್ಪದ್ರಲ್ಲಿ ತಲೆ ಕೊಯ್ಯೋ ಹಾಗೆ ಮಾಡಿದ್ರಲ್ಲ!" ಎಂದಳು. ನಾನು ನಕ್ಕೇಬಿಟ್ಟೆ. ಅತ್ತೆ ನಗಲಿಲ್ಲ.

"ಎದ್ರಿಕಂಡು ಬಿದ್ದವ್ರೆ, ಕಾಯ್ಲಿ ಅಂತ ಮಡಗ್ದೆ ಮಗ. ನಿಮ್ಮಾವನ ತಲೆ ನಾನೇ ಕೊಯ್ಸಕ್ಕೋಗಿದ್ನಲ್ಲ..."

ಮಾರನೆಯ ಬೆಳಿಗ್ಗೆ ನರ್ಸು, "ಇನ್ನು ಮೇಲೆ ದೂರದಲ್ಲೇ ಕೂತ್ಕೊಳ್ಳಿ" ಎಂದಾಗ ಅತ್ತೆ ಒಪ್ಪಲಿಲ್ಲ. ಬಾಗಿಲಲ್ಲೇ ನಿಂತು ಕಾಲುಂಗುರ ಕಿತ್ತಳು, ಮೂಗುಬೊಟ್ಟು ತಿರುಗಿಸಿ ತೆಗೆದಳು. ಆಮೇಲೆ ಕೊರಳಿಗೆ ಕೈ ಹಾಕಿದಳು. "ಅಯ್ಯೋ, ತಾಳಿ ಇರ್ಲಿ ಅಜ್ಜಿ!" ಎಂದು ನರ್ಸೇ ಗಾಬರಿಬಿದ್ದಳು. ಬೆಕ್ಕು ಅಡ್ಡ ಬಂದರೆ ಹತ್ತಬೇಕಾದ ಬಸ್ಸನ್ನೇ ಬಿಟ್ಟುಬಿಡುವ ನಮ್ಮತ್ತೆ, ತಾಳಿಯನ್ನು ತಲೆಯ ಮೇಲಿಂದ ತೆಗೆದು ನನ್ನ ಅಂಗೈಯಲ್ಲಿಟ್ಟು, "ಯಂತ್ರ ನಿಜ ಏಳ್ಬೇಕು ಕಣವ್ವ" ಎಂದು ಒಳಗೆ ಹೋದಳು. ಮಾವನ ತಲೆಯ ಹತ್ತಿರ ಕೂತು ಅವರ ಕೈ ಹಿಡಿದುಕೊಂಡಳು.

ಮಧ್ಯಾಹ್ನ ಮಾವ ಕಣ್ಣು ಬಿಟ್ಟರು. ಬಹಳ ಹೊತ್ತು ಹೆಂಡತಿಯನ್ನೇ ನೋಡಿದರು. ದನಿ ಎದ್ದೂ ಏಳದ ಹಾಗಿತ್ತು.

"ಯಾಕಮ್ಮಿ ಕೊಳ್ಳು ಬರಿದಾಗದೆ? ನಾನ್ ಸತ್ತೋದ್ನಾ?"

"ಥೂ, ಬುಡ್ತು ಅನ್ನು! ನೀನಿರ್ಬೇಕು ಅಂತ್ಲೇ ಬಿಚ್ಚಿವ್ನಿ."

ಮಾವ ನಿಧಾನವಾಗಿ ಕೈ ಎತ್ತಿ ಆ ಬರಿ ಕೊರಳನ್ನು ಮುಟ್ಟಿದರು. ಬಾಗಿಲಲ್ಲಿ ನಿಂತಿದ್ದ ನಾನು ತಾಳಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಗೊಳೋ ಎಂದು ಅತ್ತುಬಿಟ್ಟೆ.